ಬರೆಯದ ಮಾತನ್ನು ನಮ್ಮ ಕಂಪೈಲರ್ ಇನ್ನು ಊಹಿಸುವುದಿಲ್ಲ

ನಮಸ್ಕಾರ.

ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಸಣ್ಣ ಕಂಪೈಲರ್ ತಂಡದಿಂದ ಈ ಪತ್ರ. ಕಂಪೈಲರ್ ಅಂದರೆ ನೀವು ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ತಿಳಿಯುವ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್. ಮುಂದಿನ ಆವೃತ್ತಿಯಲ್ಲಿ ಒಂದು ಬದಲಾವಣೆ ಮಾಡಿದ್ದೇವೆ. ಅದರಿಂದ ಕೆಲವರ ಪ್ರೋಗ್ರಾಂ ಸ್ವಲ್ಪ ದಪ್ಪ ಆಗಬಹುದು, ಕೆಲವರದು ಸ್ವಲ್ಪ ನಿಧಾನ. ಅಪ್‌ಡೇಟ್ ಹಾಕಿದ ಮೇಲೆ ಗೊತ್ತಾಗಿ ನೀವು ಬೈಯುವುದಕ್ಕಿಂತ ಮೊದಲೇ ಹೇಳೋದು ಒಳ್ಳೇದು, ಅಲ್ವಾ? ತಪ್ಪು ನಮ್ಮದೇ ಇತ್ತು, ಅದನ್ನೂ ಹೇಳಿಬಿಡುತ್ತೇವೆ.

ಬ್ಯಾಡಗಿ ಕಡೆಯ ಒಬ್ಬ ಗ್ರಾಹಕರು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿಗೆ ಕಂಟ್ರೋಲರ್ ಮಾಡಿಕೊಡುತ್ತಾರೆ. ಒಂದಿನ ಅವರ ಫೋನ್ ಬಂತು: "ಸರ, ಬಾಗಲಾ ತೆಗದಿಟ್ರೂ ಮೀಟರ್ ಅಲುಗಾಡವಲ್ದು, ಆರರ ಮ್ಯಾಲೇ ಕುಂತದ." ಸೆನ್ಸರ್ ಬದಲಿಸಿದರು, ವೈರ್ ಬದಲಿಸಿದರು, ಏನೂ ಆಗಲಿಲ್ಲ. ಕೊನೆಗೆ ಆಪ್ಟಿಮೈಸೇಶನ್ (ಪ್ರೋಗ್ರಾಂ ವೇಗವಾಗಲಿ ಅಂತ ಕಂಪೈಲರ್ ಮಾಡುವ ಮಾರ್ಪಾಡು) ಬಂದ್ ಮಾಡಿ ನೋಡಿದರೆ ಎಲ್ಲಾ ಸರಿ. ಅಲ್ಲಿಗೆ ಗುಮಾನಿ ನಮ್ಮ ಮೇಲೆ ಬಂತು, ಬರಬೇಕಾದದ್ದೇ.

ಆಗಿದ್ದು ಇಷ್ಟು. ಸೆನ್ಸರ್ ಓದುವ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ನಮ್ಮ ಲೈಬ್ರರಿಯದು. ಅದಕ್ಕೆ "ಹಾರ್ಡ್‌ವೇರ್ ಮುಟ್ಟುತ್ತೆ" ಅನ್ನುವ ಅಟ್ರಿಬ್ಯೂಟ್, ಅಂದರೆ ಕಂಪೈಲರ್ ನೋಡುವ ಗುರುತು, ಅಂಟಿಸಿದ್ದೆವು. ಅವರು ಅದನ್ನು ಕರೆಯುವ ತಮ್ಮದೊಂದು ಫಂಕ್ಷನ್ ಬೇರೆ ಫೈಲಿನಲ್ಲಿ ಬರೆದುಕೊಂಡಿದ್ದರು. ಅದರ ಮೇಲೆ ಈ ಅಟ್ರಿಬ್ಯೂಟ್ ಇರಲಿಲ್ಲ, ಹಾಕಬೇಕು ಅಂತ ಅವರಿಗೆ ಹೊಳೆಯುವುದಾದರೂ ಹೇಗೆ? ನಮ್ಮ ಕಂಪೈಲರ್ ನೋಡಿತು: ಗುರುತು ಇಲ್ಲ, ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮಾಹಿತಿ) ಅದೇ, ಹಾಗಾದರೆ ಉತ್ತರವೂ ಅದೇ. ಲೂಪಿನ (ಮತ್ತೆ ಮತ್ತೆ ನಡೆಯುವ ಕೋಡಿನ) ಒಳಗಿದ್ದ ಕರೆಯನ್ನು ಎತ್ತಿ ಲೂಪಿನ ಹೊರಗೆ ಇಟ್ಟುಬಿಟ್ಟಿತು. ಕಂಟ್ರೋಲರ್ ಆನ್ ಆದಾಗ ಒಮ್ಮೆ ಓದಿತು, ಆಮೇಲೆ ದಿನವಿಡೀ ಅದೇ ಆರು.

ಬಸ್ಸಿನಲ್ಲಿ ಪಾರ್ಸೆಲ್ ಕಳಿಸುವಾಗ ಡಬ್ಬಿ ಮೇಲೆ "ಒಡೆಯುವ ಸಾಮಾನು" ಅಂತ ಚೀಟಿ ಹಚ್ಚುತ್ತೇವಲ್ಲ, ನಾವು ಮಾಡಿದ್ದೂ ಅದನ್ನೇ. ದಾರಿಯಲ್ಲಿ ಚೀಟಿ ಕಿತ್ತುಹೋದರೆ ಡಬ್ಬಿ ಎತ್ತಿ ಒಗೆಯುತ್ತಾರೆ. ಅದರ ಬದಲು ಎಲ್ಲ ಡಬ್ಬಿಯನ್ನೂ ಜೋಪಾನವಾಗಿ ಇಳಿಸಿ, "ಒಗೆದರೂ ನಡೆಯುತ್ತೆ" ಅಂತ ಚೀಟಿ ಇದ್ದದ್ದನ್ನು ಮಾತ್ರ ಒಗೆದರೆ? ಆಗ ಚೀಟಿ ಕಿತ್ತುಹೋದರೂ ಹೋಗುವುದು ಸ್ವಲ್ಪ ಟೈಮ್ ಮಾತ್ರ. ಕಂಪೈಲರ್ ಒಳಗಿನ ಐಆರ್‌ಗೆ (ನಿಮ್ಮ ಕೋಡಿಗೂ ಚಿಪ್ಪಿನ ಭಾಷೆಗೂ ನಡುವಿನ ರೂಪಕ್ಕೆ) ಅಟ್ರಿಬ್ಯೂಟ್ ರೂಪಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಈ ಗುರುತು ಕಳೆದುಹೋದರೆ ಏನಾಗುತ್ತೆ? ನಾವು ಕೇಳಿರಲಿಲ್ಲ. ದೊಡ್ಡವರಿಗೂ ಈ ತೊಡಕು ಇದೆ. ಎಲ್‌ಎಲ್‌ವಿಎಂ ಅಂದರೆ ಬಹಳ ಕಂಪೈಲರ್‌ಗಳು ಬಳಸುವ ತಳಪಾಯ, ಕ್ಲ್ಯಾಂಗ್ ಅದರ ಮೇಲೆ ಕಟ್ಟಿದ ಸಿ ಕಂಪೈಲರ್. ಎಲ್‌ಎಲ್‌ವಿಎಂನ "ಕನ್ವರ್ಜೆಂಟ್" ಅಟ್ರಿಬ್ಯೂಟ್ ಇದೇ ಜಾತಿಯದು, ಇಲ್ಲದಿದ್ದರೆ ಅಪಾಯ. ಅದಕ್ಕೇ ಕ್ಲ್ಯಾಂಗ್, ಜಿಪಿಯುಗೆ (ಗ್ರಾಫಿಕ್ಸ್ ಚಿಪ್ಪಿಗೆ) ಹೋಗುವ "ಕೂಡಾ" (CUDA) ಭಾಷೆಯ ಕೋಡಿನಲ್ಲಿ ಎಲ್ಲ ಫಂಕ್ಷನ್‌ಗೂ ಮೊದಲು ಅದನ್ನು ಹಚ್ಚಿ, ಬೇಡ ಅಂತ ಖಾತ್ರಿ ಆದ ಕಡೆ ಆಮೇಲೆ ಕೀಳುತ್ತದೆ.

ಇನ್ನು ಮುಂದೆ ನಮ್ಮಲ್ಲಿ ಏನೂ ಬರೆಯದ ಫಂಕ್ಷನ್ ಏನು ಬೇಕಾದರೂ ಮಾಡಬಹುದು ಅಂತಲೇ ಕಂಪೈಲರ್ ತಿಳಿಯುತ್ತದೆ. ಅಟ್ರಿಬ್ಯೂಟ್ ಅಂದರೆ ನೀವು ಕೊಡುವ ಮಾತು, ಅಷ್ಟೇ. ಕೊಟ್ಟರೆ ವೇಗ ಸಿಗುತ್ತೆ, ಕೊಡದಿದ್ದರೆ ಏನೂ ಕೆಡಲ್ಲ. ಸುಳ್ಳು ಮಾತು ಕೊಟ್ಟರೆ ಮಾತ್ರ ಯಾರೂ ಕಾಪಾಡಲಾರರು, ಯಾಕೆಂದರೆ ಬರೀ ಘೋಷಣೆ (ಒಳಗಿನ ಕೋಡ್ ಇಲ್ಲದೆ ಫಂಕ್ಷನ್ನಿನ ಹೆಸರು ಹೇಳುವ ಸಾಲು) ನೋಡಿ ಅದು ಸುಳ್ಳೋ ನಿಜವೋ ಹೇಳಲು ಕಂಪೈಲರ್‌ಗೆ ಆಗುವುದಿಲ್ಲ.

ಹಳೆಯ "ಶುದ್ಧ" ಅಟ್ರಿಬ್ಯೂಟನ್ನೂ ಒಡೆದಿದ್ದೇವೆ. ಅದರಲ್ಲಿ ಮೂರು ಮಾತು ಒಟ್ಟಿಗೆ ತುರುಕಿದ್ದೆವು: ಮೆಮೊರಿ ಬದಲಿಸಲ್ಲ, ಖಂಡಿತ ವಾಪಸ್ ಬರುತ್ತೆ, ಎಕ್ಸೆಪ್ಶನ್ ಎಸೆಯಲ್ಲ (ತಪ್ಪಾಯಿತು ಅಂತ ನಡುವೆಯೇ ಹೊರಬೀಳಲ್ಲ). ಉತ್ತರ ಯಾರಿಗೂ ಬೇಡವಾದ ಒಂದು ಕರೆಯನ್ನು ಅಳಿಸಬೇಕಾದರೆ ಮೂರೂ ಬೇಕು ನಿಜ, ಆದರೆ ಮೂರೂ ಒಂದೇ ಅಲ್ಲ. ಸಿಗ್ನಲ್ ಬರುವ ತನಕ ಕಾಯುತ್ತಾ ಕೂರುವ ಫಂಕ್ಷನ್ ಮೆಮೊರಿ ಬದಲಿಸದೇ ಇರಬಹುದು, ಆದರೆ ವಾಪಸ್ ಬರುತ್ತೆ ಅಂತ ಯಾರು ಹೇಳಬೇಕು? ಈಗ ಒಂದೊಂದನ್ನೂ ಬೇರೆ ಬೇರೆ ಬರೆಯಬೇಕು. ಮೆಮೊರಿ ವಿಷಯಕ್ಕೆ ಮಾತ್ರ ಒಂದೇ ಅಟ್ರಿಬ್ಯೂಟ್, ಅದರೊಳಗೇ ಯಾವ ಜಾಗ, ಅಲ್ಲಿ ರೀಡೋ ರೈಟೋ ಅಂತ ಹೇಳುವುದು. ಈ ರೂಪ ನಾವು ಕಂಡುಹಿಡಿದದ್ದಲ್ಲ, 2023ರ ಮಾರ್ಚ್‌ನಲ್ಲಿ ಬಂದ ಎಲ್‌ಎಲ್‌ವಿಎಂ 16ರಲ್ಲಿ ರೀಡ್‌ನನ್, ರೀಡ್‌ಓನ್ಲಿ, ಆರ್ಗ್‌ಮೆಮ್‌ಓನ್ಲಿ ಅನ್ನುವ ಬೇರೆ ಬೇರೆ ಅಟ್ರಿಬ್ಯೂಟ್ ಎಲ್ಲವನ್ನೂ ಕೂಡಿಸಿ "ಮೆಮೊರಿ" ಅಂತ ಒಂದೇ ಮಾಡಿದರು, ಅದನ್ನೇ ತೆಗೆದುಕೊಂಡಿದ್ದೇವೆ.

ಇಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ, ಪರೀಕ್ಷೆ ಮಾಡುವಾಗ ನಾವೂ ಎಡವಿದೆವು. ಸೆನ್ಸರ್ ಓದುವ ಫಂಕ್ಷನ್‌ಗೆ "ರೀಡ್" ಅಂತ ಬರೆಯಬೇಡಿ! ಕೆಲಸ ಓದುವುದೇ ಇರಬಹುದು, ಆದರೆ ಬರೀ ರೀಡ್ ಅಂದರೆ, ನಡುವೆ ಯಾರೂ ಏನೂ ಬರೆಯದಿದ್ದರೆ ಎರಡನೇ ಸಲ ಓದಿದರೂ ಅದೇ ಉತ್ತರ ಅಂತ ಅರ್ಥ. ಕಂಪೈಲರ್ ಎರಡು ಕರೆಯನ್ನು ಸೇರಿಸಿ ಒಂದೇ ಮಾಡುತ್ತೆ, ಮತ್ತೆ ಆರರ ಮೇಲೇ ಕೂರುತ್ತೆ. "ಪ್ರೋಗ್ರಾಮಿಗೆ ಕಾಣದ ಜಾಗ, ರೀಡ್-ರೈಟ್ ಎರಡೂ" ಅಂತ ಬರೆಯಿರಿ. ಕರೆ ಎಲ್ಲಿದೆಯೋ ಅಲ್ಲೇ ಉಳಿಯುತ್ತೆ, ನಿಮ್ಮ ಗ್ಲೋಬಲ್ ವೇರಿಯೇಬಲ್‌ಗಳನ್ನು ಪ್ರತಿ ಸಲ ಮತ್ತೆ ಲೋಡ್ ಮಾಡುವುದೂ ತಪ್ಪುತ್ತೆ. ತಲೆಬಿಸಿ ಬೇಡ ಅನ್ನಿಸಿದರೆ ಏನೂ ಬರೆಯಬೇಡಿ.

ನಿಜ ಹೇಳಬೇಕೆಂದರೆ ಬಹಳ ಜನ ಏನೂ ಬರೆಯಬೇಕಾಗಿಲ್ಲ. ಫಂಕ್ಷನ್ನಿನ ಪೂರ್ತಿ ಕೋಡ್ ಅದೇ ಫೈಲಿನಲ್ಲಿದ್ದರೆ ಕಂಪೈಲರ್ ತಾನೇ ಕೆಳಗಿನಿಂದ ಮೇಲೆ ನೋಡಿಕೊಂಡು ಬರುತ್ತೆ: ಮೊದಲು ಕರೆಸಿಕೊಳ್ಳುವ ಫಂಕ್ಷನ್, ಆಮೇಲೆ ಕರೆಯುವುದು. ಬೇರೆ ಫೈಲಿನವಕ್ಕೆ, ಅದೂ ಜಾಸ್ತಿ ಸಲ ಕರೆಯುವವಕ್ಕೆ ಮಾತ್ರ ಬರೆದರೆ ಸಾಕು.

"ಶುದ್ಧ" ಇರುವ ಹಳೆಯ ಕೋಡ್ ಈ ಆವೃತ್ತಿಯಲ್ಲೂ ಮುಂದಿನದರಲ್ಲೂ ನಡೆಯುತ್ತೆ, ಎಚ್ಚರಿಕೆ ಮಾತ್ರ ಬರುತ್ತೆ. ಹಳೆಯ ಐಆರ್ ಫೈಲುಗಳನ್ನು ಹೊಸ ಕಂಪೈಲರ್ ಓದಿಕೊಳ್ಳುತ್ತೆ, ಆದರೆ ಗುರುತಿಲ್ಲದ ಫಂಕ್ಷನ್‌ಗಳನ್ನು ನಂಬಲ್ಲ. ಹೊಸ ಫೈಲನ್ನು ಹಳೆಯ ಕಂಪೈಲರ್‌ಗೆ ಮಾತ್ರ ಕೊಡಬೇಡಿ. ಈ ಅಪ್‌ಡೇಟಿಗೆ ದುಡ್ಡೇನೂ ಇಲ್ಲ.

ಪ್ರೋಗ್ರಾಂ ಚಿಪ್ಪಿನಲ್ಲಿ ಹಿಡಿಸದಷ್ಟು ದಪ್ಪ ಆದರೆ ನಮಗೆ ಕಳಿಸಿ, ಯಾವ ಫಂಕ್ಷನ್‌ಗೆ ಏನು ಬರೆಯಬೇಕು ಅಂತ ಕೂತು ನೋಡಿಕೊಡುತ್ತೇವೆ. ಕಳಿಸುವಾಗ ಹೆಡರ್ ಫೈಲುಗಳನ್ನೂ (ಘೋಷಣೆಗಳಿರುವ ಫೈಲು) ಸೇರಿಸಿ. ಬರೀ ಸಿ ಫೈಲ್ ಬಂದರೆ ಮತ್ತೆ ನಿಮಗೇ ಫೋನ್ ಮಾಡಬೇಕಾಗುತ್ತೆ.