ಮೂರು ಮಿಲಿಸೆಕೆಂಡಿನ ವಿಚಾರ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ತಮ್ಮನ ಎರಡೂ ವರ್ಷದ ವಿಇಪಿ (ಕಣ್ಣು ಕಂಡದ್ದಕ್ಕೆ ಮಿದುಳಿನಲ್ಲಿ ಅಲೆ ಏಳಲು ಹಿಡಿಯುವ ಸಮಯವನ್ನು ಅಳೆಯುವ ಪರೀಕ್ಷೆ) ವರದಿಗಳು ತಲುಪಿದವು. ಬಲಗಣ್ಣಿಗೆ ಹೋದ ವರ್ಷ 118 ಮಿಲಿಸೆಕೆಂಡು ಇದ್ದದ್ದು ಈಗ 121 ಆಗಿರುವುದರಿಂದ, ಕಣ್ಣಿನ ನರದ ಊತ ಮರುಕಳಿಸಿತೇ ಎಂದು ಕೇಳಿದ್ದೀರಿ. ಇಲ್ಲಿ ದಿನವೂ ಇದೇ ಪರೀಕ್ಷೆ ಮಾಡುವವಳಾದ್ದರಿಂದ ವಿವರವಾಗಿಯೇ ಬರೆಯುತ್ತೇನೆ.

ಪರದೆಯ ಮೇಲಿನ ಕಪ್ಪುಬಿಳಿ ಚೌಕಗಳು ಸೆಕೆಂಡಿಗೆ ಎರಡು ಸಲ ಅದಲುಬದಲಾಗುವಾಗ ಮಿದುಳಿನ ಹಿಂಭಾಗದಲ್ಲಿ ಏಳುವ ಅಲೆ ಅತಿ ಸಣ್ಣದು. ಉಳಿದ ಗದ್ದಲದಲ್ಲಿ ಅದು ಮುಳುಗಿಹೋಗದಿರಲೆಂದು ಕನಿಷ್ಠ 64 ಸಲದ ದಾಖಲೆಯನ್ನು ಸರಾಸರಿ ಮಾಡಿ, 100 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬರುವ ಪಿ100 ಶಿಖರವನ್ನು ಗುರುತಿಸುತ್ತೇವೆ. ಶಿಖರ ಚಪ್ಪಟೆಯಾಗಿದ್ದರೆ ಕರ್ಸರ್ ನಿಲ್ಲಿಸುವುದರಲ್ಲೇ ಒಂದೆರಡು ಮಿಲಿಸೆಕೆಂಡು ಹೆಚ್ಚುಕಡಿಮೆಯಾಗುತ್ತದೆ. ಬೆನ್ನುಬೆನ್ನಿಗೆ ತೆಗೆದ ಎರಡು ದಾಖಲೆಗಳೇ ಒಂದರ ಮೇಲೊಂದು ಸರಿಯಾಗಿ ಕೂರದಿರುವಾಗ, ವರ್ಷದ ಅಂತರದವು ಕೂರಬೇಕೆಂದು ಬಯಸುವುದು ನ್ಯಾಯವಲ್ಲ.

ಅಲೆಯ ಎತ್ತರವಂತೂ ಇನ್ನೂ ಚಂಚಲ. ಮೊನ್ನೆ ಒಬ್ಬರು, ಪರದೆಯ ನಡುವಿನ ಕೆಂಪು ಚುಕ್ಕೆಯನ್ನೇ ನೋಡಿ ಎಂದು ಎಷ್ಟು ಹೇಳಿದರೂ ತೂಕಡಿಸುತ್ತಿದ್ದರು. ಅರ್ಧಕ್ಕೆ ಕುಗ್ಗಿದ್ದ ಅಲೆ, ಎಬ್ಬಿಸಿ ನೀರು ಕುಡಿಸಿದ ಮೇಲೆ ಮೊದಲಿನಂತೆ ಎದ್ದು ಬಂತು. ಆದ್ದರಿಂದ ತಮ್ಮನ 11 ಮೈಕ್ರೋವೋಲ್ಟ್ 8ಕ್ಕೆ ಇಳಿದದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದ ಹಾಗೆ, ಈ ಸಲ ಅವನು ಕನ್ನಡಕ ಹಾಕಿಕೊಂಡಿದ್ದನೇ? ಚೌಕಗಳು ಮಸುಕಾಗಿ ಕಂಡರೆ ಎತ್ತರ ತಗ್ಗುವುದಲ್ಲದೆ ಸಮಯವೂ ಹಿಂದೆ ಬೀಳುತ್ತದೆ.

ನೀವು ನೋಡದೆ ಬಿಟ್ಟ ಅಂಕಿ ಎಡಗಣ್ಣಿನದು. ಎಂದೂ ರೋಗವಿರದ ಆ ಕಣ್ಣೂ 101ರಿಂದ 104ಕ್ಕೆ ಹೋಗಿದೆ. ಎರಡೂ ಕಣ್ಣು ಸಮವಾಗಿ ಹಿಂದೆ ಸರಿದಿರುವುದರಿಂದ, ಕಾರಣ ಬಲಗಣ್ಣಿನ ನರದಲ್ಲಿರುವುದಕ್ಕಿಂತ ಆ ದಿನದ ಪರದೆಯ ಬೆಳಕಿನಲ್ಲೋ ಅವನ ಆಯಾಸದಲ್ಲೋ ಇರುವ ಸಂಭವವೇ ಹೆಚ್ಚು. ಎರಡು ಕಣ್ಣುಗಳ ನಡುವಿನ ಅಂತರ ಆಗಲೂ 17, ಈಗಲೂ 17. ಅದು ಹಳೆಯ ಊತ ನರದ ಮೈಲಿನ್ ಹೊದಿಕೆಗೆ ಮಾಡಿಹೋದ ಗಾಯದ ಗುರುತು. ದೃಷ್ಟಿ ಮರಳಿದ ಮೇಲೂ ಅನೇಕರಲ್ಲಿ ಈ ವಿಳಂಬ ಹಾಗೆಯೇ ಉಳಿಯುತ್ತದೆ.

ಬಲಗಣ್ಣು ಮಾತ್ರ ಹತ್ತು ಹದಿನೈದು ಮಿಲಿಸೆಕೆಂಡು ಹಿಂದೆ ಬಿದ್ದು, ಮರುಪರೀಕ್ಷೆಯಲ್ಲೂ ಹಾಗೆಯೇ ಬಂದಿದ್ದರೆ ನಾನೇ ಫೋನ್ ಮಾಡುತ್ತಿದ್ದೆ. ಆದರೆ ಕಣ್ಣು ಹೊರಳಿಸುವಾಗ ನೋವು ಬಂದರೆ ಅಥವಾ ಬಣ್ಣ ಮಂಕಾಗಿ ಕಂಡರೆ ಅಂಕಿಗೆ ಕಾಯದೆ ವೈದ್ಯರ ಬಳಿ ಹೋಗಲಿ. ಪ್ರತಿ ಪ್ರಯೋಗಾಲಯದ ಸಾಮಾನ್ಯ ಮಿತಿ ಬೇರೆಯಾದ್ದರಿಂದ, ಮುಂದಿನ ಪರೀಕ್ಷೆಯನ್ನು ಅದೇ ಕಡೆ ಮಾಡಿಸಿ. ಈ ಪತ್ರವನ್ನು ಅಮ್ಮನಿಗೂ ಓದಿ ಹೇಳಿ.

ಇಂತಿ,
ನಿಮ್ಮ ಮಗಳು