ಘೇಂಡಾಮೃಗದ ಗಾಯಕ್ಕೆ ಮದ್ದು ಹಾಕುವ ಮೊದಲು ಅದರ ಮೂಳೆ ಓದಬೇಕು: ಒಂದು ದೇಣಿಗೆ ಮನವಿ

ಹಾಸನ ಜಿಲ್ಲೆಯ ಎಲ್ಲ ಬಂಧುಗಳಿಗೆ ನಮಸ್ಕಾರ.

ನಮ್ಮ ಟ್ರಸ್ಟ್ ಈ ವರ್ಷ ₹14 ಲಕ್ಷ ಕೂಡಿಸಬೇಕಾಗಿದೆ. ಯಾವುದಕ್ಕೆ ಅಂತ ಹೇಳಿದರೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಸತ್ತ ಘೇಂಡಾಮೃಗಗಳ ತಲೆ ಮತ್ತು ಕಾಲುಗಳನ್ನು ಸ್ಕ್ಯಾನ್ ಮಾಡಿ, ಒಳಗೆ ಮೂಳೆ ಎಲ್ಲಿದೆ, ರಕ್ತನಾಳ ಎಲ್ಲಿ ಹಾದುಹೋಗುತ್ತದೆ, ನರ ಎಲ್ಲಿ ಹೊರಗೆ ಬರುತ್ತದೆ ಎಂದು ನಕ್ಷೆ ಮಾಡುವ ಕೆಲಸಕ್ಕೆ. ಆ ನಕ್ಷೆ ಇಟ್ಟುಕೊಂಡು ಯುವ ಪಶುವೈದ್ಯರಿಗೆ ತರಬೇತಿ ಕೊಡುವುದಕ್ಕೆ.

ದೇವಸ್ಥಾನದ ಜೀರ್ಣೋದ್ಧಾರ, ಶಾಲೆಗೆ ಒಂದು ಕೊಠಡಿ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದನ್ನು ಹೇಳಲೇಬೇಕು. ಹಾಗಾಗಿ ಈ ಮನವಿ ಸ್ವಲ್ಪ ಉದ್ದ. ಪುರುಸೊತ್ತು ಮಾಡಿಕೊಂಡು ಓದಿ.

ಗಾಯಗೊಂಡ ಪ್ರಾಣಿಯ ಫೋಟೋ ಹಾಕಿದರೆ ದುಡ್ಡು ಬೇಗ ಬರುತ್ತದೆ. ಅದು ನಮಗೂ ಗೊತ್ತು. ಆದರೆ ಆ ಪ್ರಾಣಿಯ ಮುಂದೆ ಮಂಡಿಯೂರಿ ಕುಳಿತ ಡಾಕ್ಟರ್ ಕೈಯಲ್ಲಿ ಏನಿರಬೇಕು? ಔಷಧಿ ಇದ್ದರೆ ಸಾಲದು. ಎಲ್ಲಿ ಕತ್ತರಿ ಹಾಕಬಹುದು, ಎಲ್ಲಿ ಹಾಕಲೇಬಾರದು ಅನ್ನುವುದು ಗೊತ್ತಿರಬೇಕು. ಅದನ್ನು ಬದುಕಿರುವ ಪ್ರಾಣಿಯ ಮೇಲೆ ಕಲಿಯುವುದು ತಪ್ಪು. ಸತ್ತ ಪ್ರಾಣಿಯಿಂದ ಕಲಿಯಬೇಕು. ಆ ಕಲಿಕೆಗೆ ದುಡ್ಡು ಕೊಡುವವರು ತೀರಾ ಕಡಿಮೆ.

ನಮ್ಮ ಕಡೆಯ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಹಳ್ಳಿಕಾರ್ ಎತ್ತಿನ ಕೊಂಬು ಬುಡದಲ್ಲಿ ಮುರಿದರೆ ಮೂಗಿನಲ್ಲಿ ರಕ್ತ ಬರುವುದನ್ನು ನೀವು ನೋಡಿರಬಹುದು. ಯಾಕೆಂದರೆ ದನದ ಕೊಂಬಿನೊಳಗೆ ಮೂಳೆ ಇದೆ. ಆ ಮೂಳೆಯೊಳಗೆ ಟೊಳ್ಳು ಇದೆ. ಆ ಟೊಳ್ಳು ಹಣೆಯ ಗಾಳಿಗೂಡಿಗೆ, ಅಲ್ಲಿಂದ ಮೂಗಿಗೆ ಸೇರುತ್ತದೆ. ಘೇಂಡಾಮೃಗದ ಕೊಂಬು ಹಾಗಲ್ಲ. ಅದರೊಳಗೆ ಮೂಳೆಯೇ ಇಲ್ಲ. ನಮ್ಮ ಉಗುರಿನಲ್ಲಿರುವ ಕೆರಾಟಿನ್ನೇ ಅಲ್ಲಿ ಒತ್ತಾಗಿ ಬೆಳೆದಿರುತ್ತದೆ. ಬುಡದ ಬೆಳೆಯುವ ಪದರ ಉಳಿಸಿ ಮೇಲಿನಿಂದ ಕತ್ತರಿಸಿದರೆ ನೋವಿಲ್ಲ, ಕೊಂಬು ಮತ್ತೆ ಬೆಳೆಯುತ್ತದೆ. ಆದರೆ ಕಳ್ಳಬೇಟೆಗಾರರಿಗೆ ಒಂದು ತುಂಡೂ ಬಿಡಲು ಮನಸ್ಸಿಲ್ಲ. ಕೊಡಲಿ, ಮಚ್ಚಿನಿಂದ ಬುಡದ ಸಮೇತ ಕಡಿಯುತ್ತಾರೆ. ಆಗ ಕೆಳಗಿನ ಮೂಗಿನ ಮೂಳೆ ಒಡೆಯುತ್ತದೆ, ಗಾಳಿಗೂಡು ಬಯಲಾಗುತ್ತದೆ. ಪ್ರಾಣಿ ಇನ್ನೂ ಉಸಿರಾಡುತ್ತಲೇ ಇರುತ್ತದೆ.

ಅಂಥ ಗಾಯವನ್ನು ಏನು ಮಾಡುತ್ತೀರಿ? ಹೊಲಿಯಲು ಚರ್ಮವೇ ಉಳಿದಿಲ್ಲ. ಬ್ಯಾಂಡೇಜ್ ಕಟ್ಟಿದರೆ ಮರಕ್ಕೆ, ಮಣ್ಣಿಗೆ ಉಜ್ಜಿ ಕಿತ್ತುಹಾಕುತ್ತದೆ. ಹಾಗೇ ಬಿಟ್ಟರೆ ಹುಳ ಬೀಳುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಈ ಕೆಲಸಕ್ಕೆಂದೇ 2012ರಲ್ಲಿ 'ಸೇವಿಂಗ್ ದ ಸರ್ವೈವರ್ಸ್' ಎಂಬ ಪಶುವೈದ್ಯರ ತಂಡ ಹುಟ್ಟಿಕೊಂಡಿತು. ಅಲ್ಲಿನ ವೈದ್ಯರು ಫೈಬರ್ ಗ್ಲಾಸ್ ಮುಚ್ಚಳ ಮಾಡಿ ಮುಖದ ಮೂಳೆಗೇ ಸ್ಕ್ರೂ ಹಾಕಿ ಕೂರಿಸಿದ್ದಾರೆ. 2015ರಲ್ಲಿ ಸತ್ತ ಆನೆಯ ಚರ್ಮವನ್ನು ಗಾಯದ ಮೇಲೆ ಹೊದಿಸಿಯೂ ನೋಡಿದರು. ಸ್ಕ್ರೂ ಹಾಕಬೇಕಾದರೆ ಗಟ್ಟಿ ಮೂಳೆ ಎಲ್ಲಿ, ತೆಳು ಮೂಳೆ ಎಲ್ಲಿ ಅಂತ ಗೊತ್ತಿರಬೇಕಲ್ವಾ? ಒಂದು ಬೆರಳು ಆಚೀಚೆ ಆದರೂ ಸ್ಕ್ರೂ ನೇರವಾಗಿ ಗಾಳಿಗೂಡಿಗೆ ಇಳಿಯುತ್ತದೆ.

ಮುಖದ ಗಾಯ ಕಣ್ಣಿಗೆ ಕಾಣುತ್ತದೆ. ಕಾಣದ ಗಾಯ ಇನ್ನೂ ಕೆಟ್ಟದ್ದು. 2012ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಕರೀಗಾ ಅಭಯಾರಣ್ಯದಲ್ಲಿ ಮೂರು ಘೇಂಡಾಮೃಗಗಳಿಗೆ ಕಳ್ಳಬೇಟೆಗಾರರು ಅರಿವಳಿಕೆ ಹೊಡೆದು ಕೊಂಬು ಕಡಿದುಕೊಂಡು ಹೋದರು. ಒಂದು ಅಲ್ಲೇ ಸತ್ತಿತು. ಥಾಂಡಿ ಎಂಬ ಹೆಣ್ಣು ಬದುಕಿತು. ಹಲವು ಸಲ ಆಪರೇಷನ್ ಆಗಿ, 2015ರ ಜನವರಿಯಲ್ಲಿ ಮರಿಯನ್ನೂ ಹಾಕಿತು. ಥೆಂಬಾ ಎಂಬ ಗಂಡು ಮಾತ್ರ 24 ದಿನ ಹೋರಾಡಿ ಸತ್ತಿತು. ಅದಕ್ಕೆ ಮುಖದ ಗಾಯದ ಜೊತೆ ಕಾಲಿನದೂ ತೊಂದರೆ ಇತ್ತು. ಅರಿವಳಿಕೆಯಲ್ಲಿ ತನ್ನದೇ ಕಾಲಿನ ಮೇಲೆ ಬಹಳ ಹೊತ್ತು ಬಿದ್ದುಕೊಂಡಿದ್ದರಿಂದ ಆ ಕಾಲಿಗೆ ರಕ್ತ ಹರಿದಿರಲಿಲ್ಲ. ಕೊನೆಗೆ ನೀರಿನ ಗುಂಡಿಗೆ ಇಳಿದಿದ್ದು ಮೇಲೆ ಬರಲೇ ಇಲ್ಲ.

ಎರಡು ಟನ್ ತೂಕದ ಪ್ರಾಣಿಗೆ ಅದರ ಮೈಭಾರವೇ ಶತ್ರು. ಡಾಕ್ಟರೇ ಅರಿವಳಿಕೆ ಕೊಟ್ಟರೂ ಅಪಾಯ ಅದೇ. ಎಟಾರ್ಫಿನ್ ಎಂಬ ಔಷಧಿಗೆ ಪ್ರಾಣಿ ಮಲಗುತ್ತದೆ, ಆದರೆ ಉಸಿರಾಟ ಕುಗ್ಗುತ್ತದೆ. ಹೇಗೆ ಮಲಗಿಸಿದರೆ ಒಳ್ಳೆಯದು ಅನ್ನುವುದಕ್ಕೂ ಸಂಶೋಧನೆ ಬೇಕಾಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ನಮೀಬಿಯಾದಲ್ಲಿ 12 ಕಪ್ಪು ಘೇಂಡಾಮೃಗಗಳನ್ನು ಕಾಲಿಗೆ ಹಗ್ಗ ಕಟ್ಟಿ ತಲೆಕೆಳಗಾಗಿ ತೂಗುಹಾಕಿ ನೋಡಿತು. ಪಕ್ಕಕ್ಕೆ ಮಲಗಿಸಿದ್ದಕ್ಕಿಂತ ಹಾಗೆ ತೂಗುಹಾಕಿದಾಗಲೇ ಉಸಿರಾಟ ಸ್ವಲ್ಪ ಸುಧಾರಿಸಿತ್ತು! ಹೆಲಿಕಾಪ್ಟರ್‌ಗೆ ಕಟ್ಟಿ ಸಾಗಿಸುವುದು ಸುರಕ್ಷಿತವೋ ಅಲ್ಲವೋ ತಿಳಿಯಲು ಮಾಡಿದ ಕೆಲಸ ಅದು. 2021ರಲ್ಲಿ ಅವರಿಗೆ ಇಗ್ ನೊಬೆಲ್ ಬಂತು. ಮೊದಲು ನಗು ಬರಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ. ನಮ್ಮ ಟ್ರಸ್ಟಿನ ಸಭೆಯಲ್ಲೂ ಈ ವಿಷಯ ಬಂದಾಗ ಮೊದಲು ಎಲ್ಲರೂ ನಕ್ಕರು.

ಇನ್ನು ನಮ್ಮ ದೇಶದ ವಿಚಾರ. ಒಂಟಿಕೊಂಬಿನ ಘೇಂಡಾಮೃಗವನ್ನು ಮೈಸೂರು ಮೃಗಾಲಯದಲ್ಲಿ ನೋಡಿರುತ್ತೀರಿ. ಕಾಡಿನಲ್ಲಿ ಅವು ಜಾಸ್ತಿ ಇರುವುದು ಅಸ್ಸಾಮಿನ ಕಾಜಿರಂಗದಲ್ಲಿ. 2022ರ ಗಣತಿಯಲ್ಲಿ ಅಲ್ಲಿ 2,613 ಸಿಕ್ಕವು. ಪ್ರತಿ ಮಳೆಗಾಲ ಬ್ರಹ್ಮಪುತ್ರ ಉಕ್ಕಿದಾಗ ಕೆಲವು ಮುಳುಗಿ ಸಾಯುತ್ತವೆ, ಮರಿಗಳು ತಾಯಿಯಿಂದ ಬೇರೆಯಾಗುತ್ತವೆ. ಗಂಡುಗಳು ಒಂದಕ್ಕೊಂದು ಕಾದಾಡಿ ಗಾಯ ಮಾಡಿಕೊಳ್ಳುತ್ತವೆ. ಅವು ತಿವಿಯುವುದು ಕೊಂಬಿನಿಂದ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಆದರೆ ಒಂಟಿಕೊಂಬಿನ ಗಂಡಿನ ಮುಖ್ಯ ಆಯುಧ ಕೆಳದವಡೆಯ ಮುಂದಿನ ಎರಡು ಚೂಪು ಹಲ್ಲು. ಆ ಹಲ್ಲಿನ ಗಾಯ ಆಳವಾಗಿರುತ್ತದೆ. ದಪ್ಪ ಚರ್ಮ ಮೇಲೆ ಮುಚ್ಚಿಕೊಂಡರೆ ಒಳಗೆ ಕೀವು ಹಾಗೇ ಉಳಿಯುತ್ತದೆ. ಆಫ್ರಿಕಾದ ಎರಡು ಜಾತಿಗಳಿಗೂ ಆ ಹಲ್ಲೇ ಇಲ್ಲ. ಹಾಗಾಗಿ ಆಫ್ರಿಕಾದ ನಕ್ಷೆಯನ್ನು ಸುಮ್ನೆ ತಂದು ಇಲ್ಲಿ ಹಚ್ಚಿದರೆ ಎಲ್ಲವೂ ಹೊಂದುವುದಿಲ್ಲ. ನಮ್ಮ ಪ್ರಾಣಿಗೆ ನಮ್ಮದೇ ನಕ್ಷೆ ಬೇಕು.

ಜೀವಂತ ಪ್ರಾಣಿಯನ್ನೇ ಸ್ಕ್ಯಾನ್ ಮಾಡಬಹುದಲ್ಲ ಎಂದು ಕೆಲವರು ಕೇಳಿದರು. ಸಿಟಿ ಸ್ಕ್ಯಾನ್ ಯಂತ್ರದ ತೂತು ಸಾಮಾನ್ಯವಾಗಿ 70 ಸೆಂಟಿಮೀಟರ್ ಆಸುಪಾಸು ಇರುತ್ತದೆ. ಮೇಜು ಮನುಷ್ಯನ ತೂಕಕ್ಕೆ ಮಾಡಿದ್ದು. ದೊಡ್ಡ ಘೇಂಡಾಮೃಗ ಅದರಲ್ಲಿ ಹೇಗೆ ಹೋದೀತು? ಸತ್ತ ಪ್ರಾಣಿಯ ಕಾಲು ಹೋಗುತ್ತದೆ, ಬಿಡಿಸಿದ ತಲೆಬುರುಡೆ ಹೋಗುತ್ತದೆ. ಅದರಿಂದ ಬಂದ ಚಿತ್ರವೇ ಕಾಡಿನಲ್ಲಿರುವ ಡಾಕ್ಟರಿಗೆ ದಾರಿ ತೋರಿಸಬೇಕು.

ನಮ್ಮ ಟ್ರಸ್ಟಿನಲ್ಲಿರುವವರು ಕೆಲವು ನಿವೃತ್ತ ಪಶುವೈದ್ಯರು, ಸಕಲೇಶಪುರ, ಬೇಲೂರು ಕಡೆಯ ಒಂದಿಷ್ಟು ಕಾಫಿ ಬೆಳೆಗಾರರು, ಹಾಲಿನ ಡೈರಿ ಸಂಘದವರು, ಇಬ್ಬರು ಮೇಷ್ಟ್ರು. ಬಿ.ಎಂ. ರಸ್ತೆ ಕಡೆ ಒಂದು ಬಾಡಿಗೆ ಶೆಡ್ಡಿನಲ್ಲಿ ಕೆಲಸ ನಡೆಯುತ್ತಿದೆ. ಒಳಗೆ ಬಂದರೆ ಮೊದಲು ಫಾರ್ಮಲಿನ್ ವಾಸನೆ ಕಣ್ಣಿಗೇ ಹೊಡೆಯುತ್ತದೆ. ಉದ್ದನೆಯ ಸ್ಟೀಲ್ ಮೇಜಿನ ಮೇಲೆ ಎಮ್ಮೆಯ ಮುಂಗಾಲು ಇರುತ್ತದೆ. ಶುದ್ಧ ರಕ್ತದ ನಾಳಕ್ಕೆ ಕೆಂಪು ಲೇಟೆಕ್ಸ್, ಅಶುದ್ಧ ರಕ್ತದ ನಾಳಕ್ಕೆ ನೀಲಿ ಲೇಟೆಕ್ಸ್ ತುಂಬಿ, ಅದು ಗಟ್ಟಿಯಾದ ಮೇಲೆ ಮಾಂಸ ಬಿಡಿಸುತ್ತಾರೆ. ನರಕ್ಕೆ ಹಳದಿ ಬಣ್ಣ ಬಳಿಯುತ್ತಾರೆ. ಪಕ್ಕದಲ್ಲೇ ಹಿರಿಯ ಪ್ರೊಫೆಸರ್ ಒಬ್ಬರು ಕೊಟ್ಟ ಕುದುರೆಯ ತಲೆಬುರುಡೆ ಇದೆ. ಕಣ್ಣಿನ ಗೂಡಿನಿಂದ ಮುಂದೆ, ಕೆನ್ನೆಯ ಮೇಲೆ ಒಂದು ಸಣ್ಣ ತೂತು. ಅದರೊಳಗಿಂದ ತಂತಿ ತೂರಿಸಿ ತೋರಿಸುತ್ತಾರೆ: ಮೂಗಿನ ನರ ಹೊರಗೆ ಬರುವುದು ಇಲ್ಲೇ, ಇಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಮೇಲ್ದುಟಿ, ಮೂಗು ಮರಗಟ್ಟುತ್ತದೆ. ಕುದುರೆ ಯಾಕೆ ಅಂದರೆ, ಘೇಂಡಾಮೃಗ ವಂಶದಲ್ಲಿ ದನಕ್ಕಿಂತ ಕುದುರೆಗೆ ಹತ್ತಿರ. ಕುದುರೆಯ ಹಾಗೆ ಇದಕ್ಕೂ ಪಿತ್ತಕೋಶ ಇಲ್ಲ. ಆದರೆ ಕುದುರೆಗೆ ಕಾಲಿಗೊಂದೇ ಗೊರಸು, ಇದಕ್ಕೆ ಮೂರು ಬೆರಳು. ಅಲ್ಲಿಂದ ಮುಂದೆ ಊಹೆ ಮಾಡಿ ಪ್ರಯೋಜನವಿಲ್ಲ, ಘೇಂಡಾಮೃಗವನ್ನೇ ನೋಡಬೇಕು.

ಶೆಡ್ಡಿನ ವಾಸನೆಗೆ ಅಕ್ಕಪಕ್ಕದವರು ಮೊದಮೊದಲು ಚೆನ್ನಾಗಿ ಬೈದರು. ಈಗ ರಜೆ ಬಂದರೆ ಮಕ್ಕಳನ್ನು ಅವರೇ ಕಳಿಸುತ್ತಾರೆ.

"ನಮ್ಮ ಕಾಡಿನಲ್ಲಿ ಘೇಂಡಾಮೃಗವೇ ಇಲ್ಲ, ನಾವ್ಯಾಕೆ ಕೊಡಬೇಕು?" ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಆನೆ ಇದೆ. 2023ರ ಆಗಸ್ಟ್ ಕೊನೆಯಲ್ಲಿ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಬೇಕಿತ್ತು. ಅರಿವಳಿಕೆ ಹಾರಿಸಲು ಹೋದ 'ಆನೆ ವೆಂಕಟೇಶ್' ಅದೇ ಆನೆಯ ದಾಳಿಗೆ ಬಲಿಯಾದರು. ಶರೀರ ರಚನೆ ಓದಿದ ಮಾತ್ರಕ್ಕೆ ಅಂಥ ಸಾವು ತಪ್ಪುತ್ತದೆ ಎಂದು ನಾವು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಆದರೆ ಗಾಯಗೊಂಡ ದೊಡ್ಡ ಪ್ರಾಣಿಯ ಹತ್ತಿರ ಹೋಗುವವರು ಎಂಥ ಅಪಾಯ ಮೈಮೇಲೆ ಹಾಕಿಕೊಳ್ಳುತ್ತಾರೆ ಅನ್ನುವುದು ಹಾಸನದವರಿಗೆ ಗೊತ್ತು. ಅಲ್ಲಿಗೆ ತಲುಪಿದ ಮೇಲೆ ಸಿಗುವ ಸಮಯ ಬಹಳ ಕಡಿಮೆ. ಆ ಸಮಯದಲ್ಲಿ ತಡಕಾಡುವಂತಾಗಬಾರದು. ದಪ್ಪ ಚರ್ಮದ, ಭಾರಿ ಮೈಯ ಪ್ರಾಣಿಯ ಮೇಲೆ ಕೈ ಪಳಗಿದ ಡಾಕ್ಟರ್ ನಾಳೆ ಯಸಳೂರಿನ ಆನೆಗೂ ಬೇಕಾಗುತ್ತಾರೆ.

ಹಣದ ಲೆಕ್ಕ ಹೀಗಿದೆ. ₹6 ಲಕ್ಷ ಇಬ್ಬರು ಯುವ ಪಶುವೈದ್ಯರ ಒಂದು ವರ್ಷದ ಶಿಷ್ಯವೇತನಕ್ಕೆ. ಸ್ಕ್ಯಾನ್ ಮತ್ತು ಓಡಾಟಕ್ಕೆ ₹3 ಲಕ್ಷ. ಸ್ಕ್ಯಾನ್ ಚಿತ್ರ ಹಿಡಿದು ತಲೆಬುರುಡೆ ಮತ್ತು ಪಾದದ ಅಳತೆಗೆ ತಕ್ಕ ತ್ರೀಡಿ ಮಾದರಿ ಮಾಡಿಸಲು ₹2.5 ಲಕ್ಷ. ಉಳಿದ ₹2.5 ಲಕ್ಷದಲ್ಲಿ ಶೆಡ್ಡಿನ ಬಾಡಿಗೆ, ಲೇಟೆಕ್ಸ್, ಫಾರ್ಮಲಿನ್, ಲೆಕ್ಕಪರಿಶೋಧನೆ, ಮತ್ತೆ ಚಿತ್ರಗಳಿರುವ ಒಂದು ಕನ್ನಡ ಕೈಪಿಡಿ. ಕಿವಿಯ ಹಿಂದೆ ಯಾವ ಜಾಗದಲ್ಲಿ ಚರ್ಮ ತೆಳು, ಕಿವಿಯ ಯಾವ ನಾಳದಿಂದ ರಕ್ತ ತೆಗೆಯಬಹುದು, ಮಲಗಿದಾಗ ಯಾವ ಕಾಲನ್ನು ಹೇಗೆ ಎಳೆದು ಇಡಬೇಕು, ಇಂಥವೆಲ್ಲ ಅದರಲ್ಲಿರುತ್ತವೆ. ಟ್ರಸ್ಟಿಗಳು ಯಾರೂ ಸಂಬಳ, ಭತ್ಯೆ ತೆಗೆದುಕೊಳ್ಳುವುದಿಲ್ಲ.

ಒಂದು ವಿಷಯ ಖಡಾಖಂಡಿತವಾಗಿ ಹೇಳುತ್ತೇವೆ. ಘೇಂಡಾಮೃಗದ ಒಂದು ಹಲ್ಲು ಕೂಡ ಹಾಸನಕ್ಕೆ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ ಅದು. ಅರಣ್ಯ ಇಲಾಖೆಯ ಲಿಖಿತ ಅನುಮತಿ ಸಿಕ್ಕ ಮೇಲೆ ಮಾತ್ರ, ತಾನಾಗಿ ಸತ್ತ ಪ್ರಾಣಿಯ ಮೇಲೆ, ಅಲ್ಲೇ ಕೆಲಸ. ಬರುವುದು ಕಂಪ್ಯೂಟರಿನಲ್ಲಿರುವ ಚಿತ್ರ ಮಾತ್ರ. ಅನುಮತಿ ಸಿಗುವವರೆಗೆ ಓಡಾಟದ ಹಣ ಬ್ಯಾಂಕಿನಲ್ಲೇ ಇರುತ್ತದೆ, ಬೇರೆ ಖರ್ಚಿಗೆ ತಿರುಗಿಸುವುದಿಲ್ಲ. ಕೊಂಬಿನ ಗೊಡವೆಗಂತೂ ನಾವು ಹೋಗುವುದೇ ಇಲ್ಲ. 2021ರ ಸೆಪ್ಟೆಂಬರ್ 22ರಂದು ಅಸ್ಸಾಂ ಸರ್ಕಾರ ಖಜಾನೆಯಲ್ಲಿದ್ದ 2,479 ಕೊಂಬುಗಳನ್ನು ರಾಶಿ ಹಾಕಿ ಸುಟ್ಟಿತು. ಅದು ಸರಿಯಾದ ಕೆಲಸ ಎಂದೇ ನಮ್ಮ ಅಭಿಪ್ರಾಯ. ಕೊಂಬಿನ ಪುಡಿಯಿಂದ ಜ್ವರ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಉಗುರು ಕತ್ತರಿಸಿ ಅರೆದುಕೊಂಡು ಕುಡಿಯಲು ಹೇಳಿ.

ದೇಣಿಗೆ ಎಷ್ಟಾದರೂ ಆಗಬಹುದು. ಕಾಫಿ ಕುಯ್ಲು ಮುಗಿದ ಮೇಲೆ ಕೊಡುತ್ತೇನೆ ಅನ್ನುವವರು ಈಗ ಹೆಸರು ಬರೆಸಿದರೆ ಸಾಕು. ಡೈರಿ ಬಟವಾಡೆಯಲ್ಲಿ ತಿಂಗಳಿಗೆ ₹50, ₹100 ಎತ್ತಿಡುತ್ತೇವೆ ಎಂದು ಕೆಲವು ಸಂಘದವರು ಕೇಳಿದ್ದಾರೆ, ಅದಕ್ಕೂ ಪುಸ್ತಕ ಇಟ್ಟಿದ್ದೇವೆ. ಹಣದ ಬದಲು ವಸ್ತು ಕೊಡುವವರಿದ್ದರೆ ನಮಗೆ ಈಗ ಬೇಕಾಗಿರುವುದು ಒಂದು ಡೀಪ್ ಫ್ರೀಜರ್, ಇನ್ನೊಂದು ಸ್ಟೀಲ್ ಮೇಜು. ಹಳೆಯದಾದರೂ ನಡೆಯುತ್ತದೆ.

ದೇಣಿಗೆಗೆ ಸಿಗುವ, 80ಜಿ ಎಂದು ಕರೆಯುವ ಆದಾಯ ತೆರಿಗೆ ವಿನಾಯಿತಿ ಬೇಕಾದವರು ಚೆಕ್ ಅಥವಾ ಆನ್‌ಲೈನ್ ಮೂಲಕ ಕೊಡಿ. ನಗದು ₹2,000 ದಾಟಿದರೆ ಆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಪ್ಯಾನ್ ನಂಬರ್ ಬರೆಸುವುದನ್ನು ಮರೆಯಬೇಡಿ. ವರ್ಷದ ಕೊನೆಯಲ್ಲಿ ವಿನಾಯಿತಿಗೆ ಬೇಕಾದ ದೇಣಿಗೆ ಪ್ರಮಾಣಪತ್ರ ಕಳಿಸಿಕೊಡುತ್ತೇವೆ. ಮನೆ ಬಾಗಿಲಿಗೆ ಬರುವ ನಮ್ಮ ಸ್ವಯಂಸೇವಕರ ಬಳಿ ಮೊಹರು ಹಾಕಿದ ರಸೀದಿ ಪುಸ್ತಕ ಇರುತ್ತದೆ. ಇಲ್ಲದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಭಾನುವಾರ ಬೆಳಗ್ಗೆ ಶೆಡ್ಡು ತೆರೆದಿರುತ್ತದೆ. ಬಂದು ನೋಡಿ, ಕೇಳಿ, ಲೆಕ್ಕದ ಪುಸ್ತಕ ತಿರುವಿಹಾಕಿ, ಆಮೇಲೆ ಕೊಡಿ. ಊಟ ಮಾಡಿಕೊಂಡು ಬಂದರೆ ಒಳ್ಳೆಯದು, ಒಳಗಿನ ವಾಸನೆಗೆ ಆಮೇಲೆ ಊಟ ಸೇರುವುದಿಲ್ಲ.

ಇತಿ ನಿಮ್ಮ ವಿಶ್ವಾಸಿಗಳು,
ಟ್ರಸ್ಟಿನ ಎಲ್ಲ ಸದಸ್ಯರ ಪರವಾಗಿ ಕಾರ್ಯದರ್ಶಿ, ಹಾಸನ