ಕಕೊನ್ ಎಂದರೆ ಪಾಪವಲ್ಲ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪ್ರಾಚೀನ ಗ್ರೀಕರ ಕೆಡುಕಿನ ವಿಚಾರವನ್ನೇ ಪ್ರಬಂಧಕ್ಕೆ ಆರಿಸಿಕೊಂಡೆಯಂತೆ, ಬಹಳ ಸಂತೋಷ. ಬರೆಯಲು ಕೂರುವ ಮುನ್ನ ಒಂದು ಮಾತು ಕೇಳು. ‘ಕಕೊನ್’ ಎಂಬ ಗ್ರೀಕ್ ಪದಕ್ಕೆ ‘ಪಾಪ’ ಎಂದು ಬರೆಯಬೇಡ. ಪಾಪ ಎಂದ ಕೂಡಲೇ ಕರ್ಮ, ನರಕ, ಪ್ರಾಯಶ್ಚಿತ್ತ ಎಲ್ಲ ಬೆನ್ನಿಗೇ ಬರುತ್ತವೆ. ಕಕೊನ್ ಎಂದರೆ ರೋಗವೂ ಹೌದು, ನಷ್ಟವೂ ಹೌದು, ದುರ್ಗುಣವೂ ಹೌದು. ನಮ್ಮ ‘ಕೆಡುಕು’ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ಹಾಲು ಕೆಡುತ್ತದೆ, ಆರೋಗ್ಯ ಕೆಡುತ್ತದೆ, ಬುದ್ಧಿಯೂ ಕೆಡುತ್ತದೆ.

ಮನುಷ್ಯ ಕೆಟ್ಟದ್ದನ್ನು ಏಕೆ ಮಾಡುತ್ತಾನೆ ಎನ್ನುವುದು ಬೇರೆ, ಜಗತ್ತಿಗೆ ಕೆಡುಕು ಎಲ್ಲಿಂದ ಬಂತು ಎನ್ನುವುದು ಬೇರೆ. ಎರಡನ್ನೂ ಕಲಸಿದರೆ ಪ್ರಬಂಧ ಹಳಿ ತಪ್ಪುತ್ತದೆ. ಮೊದಲನೆಯದಕ್ಕೇ ಹೆಚ್ಚು ಪುಟ ಕೊಡು, ಗ್ರೀಕರು ನಿಜವಾಗಿ ಆಳಕ್ಕಿಳಿದದ್ದು ಅಲ್ಲಿ.

ಪ್ಲೇಟೋ ಬರೆದ ‘ಪ್ರೊಟಾಗೊರಸ್’ ಸಂವಾದವನ್ನು 351ರಿಂದ 358ರವರೆಗೆ ಓದು. ಇವು 1578ರ ಸ್ಟೆಫಾನಸ್ ಮುದ್ರಣದ ಪುಟಸಂಖ್ಯೆಗಳು. ಒಳ್ಳೆಯ ಅನುವಾದಗಳ ಅಂಚಿನಲ್ಲಿ ಅಚ್ಚಾಗಿರುತ್ತವೆ, ಉಲ್ಲೇಖಕ್ಕೆ ಅವನ್ನೇ ಕೊಡು. ಅಲ್ಲಿ ಸಾಕ್ರಟೀಸ್‌ನ ವಾದ ಇಷ್ಟು: ಬೇಕೆಂದೇ ಯಾರೂ ಕೆಡುಕಿನತ್ತ ಹೋಗುವುದಿಲ್ಲ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುತ್ತದಲ್ಲ, ಹಾಗೆಯೇ ಈ ಹೊತ್ತಿನ ಸುಖ ನಾಳಿನ ನೋವಿಗಿಂತ ದೊಡ್ಡದಾಗಿ ಕಾಣುತ್ತದೆ. ತಪ್ಪುವುದು ಅಳತೆ. ಇಲ್ಲೇ ಬಹಳ ಜನ ಎಡವುತ್ತಾರೆ, ತಪ್ಪು ಮಾಡಿದವನನ್ನು ಸಾಕ್ರಟೀಸ್ ಬಿಟ್ಟುಬಿಟ್ಟ ಎಂದುಕೊಳ್ಳುತ್ತಾರೆ. ಪ್ಲೇಟೋನದೇ ‘ಗೋರ್ಗಿಯಸ್’ ತೆರೆದು ನೋಡು: ಅನ್ಯಾಯ ಮಾಡಿ ಶಿಕ್ಷೆಯಿಂದ ತಪ್ಪಿಸಿಕೊಂಡವನು ವೈದ್ಯನಿಗೆ ಹೆದರಿ ಓಡಿದ ರೋಗಿ ಎನ್ನುತ್ತಾನೆ.

ಆಮೇಲೆ ಪ್ಲೇಟೋನ ‘ರಿಪಬ್ಲಿಕ್’ 439ರ ಕೊನೆ. ಲಿಯೊಂಟಿಯಸ್ ಎಂಬವನು ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ಉತ್ತರದ ಗೋಡೆಯ ಹೊರಬದಿಗೆ ಬರುತ್ತಿದ್ದಾನೆ. ಮರಣದಂಡನೆಯಾದವರ ಹೆಣಗಳು ಅಲ್ಲಿ ಬಿದ್ದಿವೆ. ನೋಡಬೇಕೆಂಬ ಆಸೆ, ಜೊತೆಗೇ ಅಸಹ್ಯ. ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ತಡೆಯುತ್ತಾನೆ. ಕೊನೆಗೆ ಸೋತು, ಕಣ್ಣರಳಿಸಿ ಓಡಿಹೋಗಿ, ನೋಡಿ ತಣಿಯಿರಿ ಎಂದು ತನ್ನ ಕಣ್ಣುಗಳನ್ನೇ ಬೈಯುತ್ತಾನೆ. ಅವನಿಗೆ ತಿಳಿವಳಿಕೆಯ ಕೊರತೆಯಿರಲಿಲ್ಲ, ಮನಸ್ಸೇ ಒಡೆದಿತ್ತು. ಇದನ್ನು ಮೇಲಿನ ವಾದದ ಪಕ್ಕಕ್ಕಿಟ್ಟು ಬರೆ. ಸಾಕ್ರಟೀಸ್‌ನ ಆ ವಾದದಿಂದ ಪ್ಲೇಟೋ ಎಷ್ಟು ದೂರ ಸರಿದ ಎಂಬುದು ತಾನಾಗಿ ಗೊತ್ತಾಗುತ್ತದೆ.

ಅರಿಸ್ಟಾಟಲ್‌ಗೆ ‘ನಿಕೊಮೇಕಿಯನ್ ಎಥಿಕ್ಸ್’ನ ಏಳನೆಯ ಭಾಗ, ಮೊದಲ ಹತ್ತು ಅಧ್ಯಾಯ ಸಾಕು. ‘ಅಕ್ರಸಿಯ’ ಇರುವವನು ಒಳ್ಳೆಯದು ಯಾವುದೆಂದು ಬಲ್ಲ, ಹಿಡಿತ ಸಾಲದು. ಅದರಲ್ಲೂ ಎರಡು ಬಗೆ: ಯೋಚಿಸದೆ ದುಡುಕುವವನು, ಯೋಚಿಸಿಯೂ ತೀರ್ಮಾನಕ್ಕೆ ನಿಲ್ಲಲಾರದವನು. ನಿಜವಾದ ದುರ್ಗುಣಿ ಇವರಿಬ್ಬರಿಂದಲೂ ಬೇರೆ. ಅವನಿಗೆ ಪಶ್ಚಾತ್ತಾಪವೇ ಇಲ್ಲ, ತನ್ನ ಕೆಡುಕು ತನಗೆ ಕಾಣುವುದೂ ಇಲ್ಲ. ಅಕ್ರಸಿಯ ಬಂದು ಹೋಗುವ ಮೂರ್ಛೆರೋಗ, ದುರ್ಗುಣ ಬಿಡದ ಕ್ಷಯ ಎಂಬ ಹೋಲಿಕೆ ಅರಿಸ್ಟಾಟಲ್‌ನದೇ. ಅಕ್ರಸಿಯದವನು ಒಳ್ಳೆಯ ಕಾನೂನು ಮಾಡಿ ಪಾಲಿಸದ ಊರಿನಂತೆ, ದುರ್ಗುಣಿ ಕೆಟ್ಟ ಕಾನೂನನ್ನೇ ಪಾಲಿಸುವ ಊರಿನಂತೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದು, ಅವಸರ ಮಾಡಬೇಡ.

ಕೆಡುಕು ಎಲ್ಲಿಂದ ಬಂತು ಎಂಬ ಎರಡನೆಯ ಪ್ರಶ್ನೆಗೆ ಪ್ಲೇಟೋನ ‘ಟಿಮೀಯಸ್’ 48, ಮತ್ತು ಬಹಳ ಕಾಲದ ನಂತರ ಪ್ಲೇಟೋನ ಹಾದಿ ಹಿಡಿದ ಪ್ಲೊಟೈನಸ್‌ನ ‘ಎನ್ನಿಯಡ್’ ಎಂಬ ಪ್ರಬಂಧ ಸಂಗ್ರಹಗಳಲ್ಲಿ ಮೊದಲನೆಯದರ ಎಂಟನೆಯ ಪ್ರಬಂಧ. ಪ್ಲೇಟೋನ ಸೃಷ್ಟಿಕರ್ತ ಸರ್ವಶಕ್ತನಲ್ಲ, ಅನಿವಾರ್ಯತೆಯನ್ನು ಒಲಿಸಿಕೊಂಡು ಕೆಲಸ ಮಾಡುವವನು. ಪ್ಲೊಟೈನಸ್‌ಗೆ ಕೆಡುಕು ಒಳಿತಿನ ಕೊರತೆ. ‘ದೇವರಿಗೆ ಕೆಡುಕು ನೀಗಿಸುವ ಮನಸ್ಸಿಲ್ಲವೋ, ಶಕ್ತಿಯಿಲ್ಲವೋ’ ಎಂಬ ಪ್ರಶ್ನೆಯನ್ನು ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸ್‌ನದು ಎನ್ನುತ್ತಾರೆ, ಆದರೆ ಅವನ ಉಳಿದಿರುವ ಬರಹಗಳಲ್ಲಿ ಅದು ಇಲ್ಲ. ಐದಾರು ಶತಮಾನಗಳ ನಂತರ ಲ್ಯಾಕ್ಟಾಂಟಿಯಸ್ ಎಂಬ ಕ್ರೈಸ್ತ ಲೇಖಕ ಅದನ್ನು ಅವನ ಹೆಸರಿನಲ್ಲಿ ಹೇಳಿದ್ದು. ಹಾಗೆಂದೇ ಬರೆ.

ಕರಡು ಮುಗಿದ ಮೇಲೆ ಅಂಚೆಗೆ ಹಾಕು. ಲಿಯೊಂಟಿಯಸ್‌ನ ಪುಟವನ್ನೇ ಮೊದಲು ಓದುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ